ಪರಸ್ಥಳದ ವಿದ್ಯಾರ್ಥಿಯೂ ಹೊಂದಿಕೆಯ ಧರ್ಮವೂ

ವಿದ್ಯೆಯನ್ನರಸಿ ಮನೆ ಬಿಡುವದು ಈ ದೇಶದಲ್ಲಿ ಹೊಸ ಸಂಗತಿಯಲ್ಲ. ಗುರುವಿದ್ದೆಡೆಗೆ ಶಿಷ್ಯನು ನಡೆದು ಹೋಗುವನೇ ಹೊರತು ಶಿಷ್ಯನಿದ್ದೆಡೆಗೆ ಗುರುವು ಬರುವದು ವಿರಳ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಿಂದ ಹುಡುಗರೂ ಹುಡುಗಿಯರೂ ಸೊಲ್ಲಾಪುರ, ಪುಣೆ, ಹೈದರಾಬಾದು, ದಿಲ್ಲಿಗಳ ಸರಕಾರಿ ವಿಶ್ವವಿದ್ಯಾಲಯಗಳಿಗೆ ತೆರಳುತ್ತಾರೆ. ಹೊರಡುವಾಗ ತಾಯಿಯು ಕಟಕ ರೊಟ್ಟಿಯನ್ನೂ ಶೇಂಗಾದ ಹಿಂಡಿಯನ್ನೂ ಕಟ್ಟಿ ಕೊಡುತ್ತಾಳೆ. ತಂದೆಯು ಖರ್ಚಿನ ಹಣವನ್ನು ಎಣಿಸಿ ಕೊಡುತ್ತಾನೆ. ಅಲ್ಲಿಯ ಜನರೊಡನೆ ಹೇಗಿರಬೇಕೆಂಬ ವಿಷಯದಲ್ಲಿ ಮಾತ್ರ ಇಬ್ಬರೂ ಹೇಳುವದು ಒಂದೇ ಮಾತು: “ಹೊಂದಿಕೊಂಡು ಹೋಗಪಾ.” ಮಾತು ಚಿಕ್ಕದು, ಅದರ ಅರ್ಥವು ಚಿಕ್ಕದಲ್ಲ. ಹೊಂದಿಕೊಳ್ಳುವದೆಂದರೇನು? ಯಾರಿಗೆ ಹೊಂದಿಕೊಳ್ಳುವದು? ಎಷ್ಟರ ಮಟ್ಟಿಗೆ? ಅದರ ಭಾರವೆಲ್ಲ ಬಂದವನ ಹೆಗಲ ಮೇಲೆಯೇ ಇರತಕ್ಕದ್ದೋ, ಬರಮಾಡಿಕೊಂಡವರಿಗೂ ಅದರಲ್ಲಿ ಪಾಲುಂಟೋ? ಈ ಪ್ರಶ್ನೆಗಳನ್ನು ಕ್ರಮವಾಗಿ ವಿಚಾರಿಸುವದು ಅವಶ್ಯವು.

ಮೊದಲು “ಪರಸ್ಥಳ” ಎಂಬ ಶಬ್ದದ ವಿಚಾರ. ರಾಜ್ಯದ ಗಡಿಯು ನಕಾಶೆಯ ಮೇಲಿನ ಗೆರೆಯು. ಪರಕೀಯತೆಯಾದರೋ ಮನಸ್ಸಿನಲ್ಲಿ ಹುಟ್ಟುವಂಥದು. 1956ನೆಯ ಇಸವಿಯ ನವೆಂಬರ 1ರ ವರೆಗೆ ವಿಜಾಪುರ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆಗ ಇಂಡಿಯ ಹುಡುಗನು ಪುಣೆಗೆ ಹೋದರೆ ಸರಕಾರದ ದೃಷ್ಟಿಯಿಂದ ಆತನು ಸ್ವಪ್ರಾಂತದವನೇ. ಆದರೆ ಅಲ್ಲಿಯ ಓಣಿಯಲ್ಲಿಯೂ ಖಾನಾವಳಿಯಲ್ಲಿಯೂ ಆತನ ನಾಲಗೆಯು ತಡವರಿಸುತ್ತಿದ್ದಿತು. ಇಂದು ಇಂಡಿಗೆ ಸಮೀಪದ ಸೊಲ್ಲಾಪುರವು ಪರರಾಜ್ಯ; ಆದರೂ ಅಲ್ಲಿ ಕನ್ನಡವಾಡುವ ಮನೆಗಳು ಬೇಕಾದಷ್ಟು. ಬಹುದೂರದ ಮೈಸೂರು ಸ್ವರಾಜ್ಯ. ಆದರೂ ಅಲ್ಲಿ ಸಿಂದಗಿಯವನು “ಹೋಗೂಣು, ಬರೂಣು” ಎಂದರೆ ಮಗ್ಗುಲಲ್ಲಿ ಕುಳಿತವನು ನಗಬಹುದು. ಆದುದರಿಂದ ಗಡಿ ದಾಟಿದವನಷ್ಟೇ ಪರಸ್ಥಳದವನಲ್ಲ. ತನ್ನ ಮಾತು, ಊಟ, ಉಡುಗೆಗಳು ಎಲ್ಲಿ ಸಹಜವೆನಿಸದೆ ಎದ್ದು ಕಾಣುವವೋ ಅಲ್ಲಿ ಪ್ರತಿಯೊಬ್ಬನೂ ಪರಸ್ಥಳದವನೇ. ಗಡಿ ದಾಟಿದವನಿಗೆ ಈ ಕಷ್ಟವು ಹೆಚ್ಚು, ಅಷ್ಟೇ.

ಹೊಂದಿಕೆಯ ವಿಷಯದಲ್ಲಿ ಲೋಕದಲ್ಲಿ ಎರಡು ಪಕ್ಷಗಳುಂಟು. ಹೋದ ಊರಿನವರಂತೆಯೇ ಪೂರ್ಣವಾಗಿ ಆಗಿಬಿಡಬೇಕೆಂಬದು ಒಂದು ಪಕ್ಷ. ಈ ಪಕ್ಷದವನು ಮೊದಲು ತನ್ನ ಉಚ್ಚಾರವನ್ನು ತಿದ್ದಿಕೊಳ್ಳುತ್ತಾನೆ. ಬಳಿಕ ಊರಿನ ಹೆಸರನ್ನು ಮರೆಮಾಚುತ್ತಾನೆ. ಕೊನೆಗೆ, ಭೇಟಿಗೆ ಬಂದ ತಂದೆಯ ರುಮಾಲನ್ನೂ ಧೋತರವನ್ನೂ ಕಂಡು ವಸತಿಗೃಹದ ಬಾಗಿಲಲ್ಲಿ ತಲೆ ತಗ್ಗಿಸುತ್ತಾನೆ. ಸ್ವದೇಶೀಯರನ್ನು ಬಿಟ್ಟು ಕದಲಬಾರದೆಂಬದು ಎರಡನೆಯ ಪಕ್ಷ. ಈ ಪಕ್ಷದವನು ತನ್ನ ಭಾಷೆಯ ನಾಲ್ಕು ಜನರನ್ನು ಹುಡುಕಿಕೊಂಡು ಅವರೊಡನೆ ಉಂಡು, ಅವರೊಡನೆ ತಿರುಗಾಡಿ, ಮೂರು ವರ್ಷ ಕಳೆದು ಪದವಿಯೊಡನೆ ಮರಳುತ್ತಾನೆ. ಆ ಊರಿನ ಒಂದು ಮನೆಯ ಹೊಸ್ತಿಲನ್ನಾದರೂ ಆತನು ತುಳಿದಿರುವದಿಲ್ಲ. ಮೊದಲನೆಯವನು ಹೋದನು, ಆದರೆ ಮರಳಿ ಬರಲಿಲ್ಲ. ಎರಡನೆಯವನು ಮರಳಿ ಬಂದನು, ಆದರೆ ಹೋಗಿಯೇ ಇರಲಿಲ್ಲ. ಎರಡನೆಯವನ ತಪ್ಪಿಗೆ ಕ್ಷಮೆಯುಂಟು. ಅಪರಿಚಿತ ಸ್ಥಳದಲ್ಲಿ ತಾಯ್ನುಡಿಯನ್ನು ಕೇಳಿದರೆ ಜೀವಕ್ಕೆ ತಂಪೆನಿಸುವದು ಸಹಜವು. ಆದರೆ ನೆರಳಿನಲ್ಲಿ ದಣಿವಾರಿಸಿಕೊಂಡವನು ಮತ್ತೆ ದಾರಿ ಹಿಡಿಯಬೇಕು, ನೆರಳೇ ಊರಾಗಬಾರದು.

ಹಾಗಾದರೆ ಮಧ್ಯಮಾರ್ಗವಾವದು? ಅರ್ಧ ಹೊಂದಿಕೊಳ್ಳುವದು, ಅರ್ಧ ಬಿಡುವದು ಎಂದರೆ ಅದು ಲೆಕ್ಕವಾಯಿತು, ಧರ್ಮವಾಗಲಿಲ್ಲ. ಇಲ್ಲಿ ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯು ಸಹಾಯಕ್ಕೆ ಬರುತ್ತದೆ. ಅಧ್ಯಯನ ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿವಾದದಲ್ಲಿ ಎರಡು ಮಾತುಗಳು ಈ ವಿಷಯಕ್ಕೆ ಸಂಬಂಧಿಸಿವೆ. ಗುರುಗಳ ಸುಚರಿತಗಳನ್ನು ಮಾತ್ರ ಅನುಸರಿಸಬೇಕು, ಉಳಿದವುಗಳನ್ನಲ್ಲ ಎಂಬದು ಒಂದು. ನಡತೆಯಲ್ಲಿ ಸಂದೇಹವುಂಟಾದರೆ ಆ ಸ್ಥಳದಲ್ಲಿರುವ ಬ್ರಾಹ್ಮಣರು ಹೇಗೆ ವರ್ತಿಸುವರೋ ಹಾಗೆ ವರ್ತಿಸಬೇಕೆಂಬದು ಇನ್ನೊಂದು. ಆದರೆ ಉಪನಿಷತ್ತು ಜಾತಿಯ ಹೆಸರನ್ನು ಹೇಳಿ ಸುಮ್ಮನಾಗಲಿಲ್ಲ. ಅವರು ವಿಚಾರವಂತರೂ, ಪರರ ಪ್ರೇರಣೆಯಿಲ್ಲದೆ ನಡೆವವರೂ, ಕ್ರೂರರಲ್ಲದವರೂ, ಧರ್ಮವನ್ನು ಬಯಸುವವರೂ ಆಗಿರಬೇಕೆಂದು ಗುಣಗಳನ್ನೆಣಿಸಿತು. ವಾಚಕರು ಈ ಗುಣಗಳನ್ನು ಗಮನಿಸಬೇಕು. ಊರಿನ ಹೆಚ್ಚು ಜನರು ಮಾಡಿದಂತೆ ಮಾಡೆಂದು ಆಚಾರ್ಯನು ಹೇಳಲಿಲ್ಲ. ಬಲಿಷ್ಠರಂತೆ ಮಾಡೆಂದೂ ಹೇಳಲಿಲ್ಲ. ಅಲ್ಲಿಯ ಸಜ್ಜನರಂತೆ ನಡೆ ಎಂದನು. ಹೊಂದಿಕೆಯ ಅಳತೆಗೋಲು ಇದೇ. ಎಷ್ಟು ಹೊಂದಿಕೊಳ್ಳಬೇಕೆಂಬ ಪ್ರಶ್ನೆಗಿಂತ ಯಾರಿಗೆ ಹೊಂದಿಕೊಳ್ಳಬೇಕೆಂಬ ಪ್ರಶ್ನೆಯು ಹಿರಿದು. ಪ್ರತಿಯೊಂದು ವಿದ್ಯಾಲಯದಲ್ಲಿಯೂ ರಾತ್ರಿ ಕುಡಿದು ಕೂಗಾಡುವವರಿರುತ್ತಾರೆ. ದೀಪ ಹಚ್ಚಿಕೊಂಡು ಓದುವವರೂ ಇರುತ್ತಾರೆ. ಇಬ್ಬರೂ ಆ ಊರಿನವರೇ. ಮೊದಲಿನವರ ಸಂಗಡ ಸೇರಿದವನೂ “ಹೊಂದಿಕೊಂಡೆನು” ಎನ್ನುತ್ತಾನೆ. ಆದರೆ ಆತನು ಹೊಂದಿಕೊಂಡದ್ದು ದುರ್ವ್ಯಸನಕ್ಕೆ, ಊರಿಗಲ್ಲ.

ಮಹಾಭಾರತದ ಕಚನು ಇಂಥ ವಿದ್ಯಾರ್ಥಿಗಳಲ್ಲಿ ಮೊದಲಿಗನೆನ್ನಬಹುದು. ಆತನು ಹೋದದ್ದು ಪರರಾಜ್ಯಕ್ಕಷ್ಟೇ ಅಲ್ಲ, ಶತ್ರುರಾಜ್ಯಕ್ಕೆ. ಆದರೂ ಶುಕ್ರಾಚಾರ್ಯನ ಮುಂದೆ ನಿಂತು ತಾನು ಬೃಹಸ್ಪತಿಯ ಮಗನೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ಗುರುವಿನ ದನಗಳನ್ನು ಕಾಯ್ದನು, ಹೂ ಹಣ್ಣುಗಳನ್ನು ತಂದನು, ಗೀತ ನೃತ್ಯಗಳಿಂದ ಆ ಮನೆಯವರನ್ನು ಸಂತೋಷಪಡಿಸಿದನು. ಅಸುರರು ಆತನನ್ನು ಮೂರು ಸಲ ಕೊಂದರು; ಆತನ ಯೋಗ್ಯತೆಯು ಕಡಿಮೆಯೆಂದಲ್ಲ, ಆತನು ಹೊರಗಿನವನೆಂಬ ದ್ವೇಷದಿಂದ. ಕಚನ ಸೇವೆಯೊಂದೇ ಆತನನ್ನು ಉಳಿಸಲಾರದು. ಗುರುವು ಮನಸ್ಸು ಮಾಡಿದ್ದರಿಂದಲೇ ಆತನು ಉಳಿದನು. ಈ ಕಥೆಯಲ್ಲಿ ಎರಡು ಪಾಠಗಳುಂಟು. ಕುಲವನ್ನು ಮರೆಮಾಚದೆಯೂ ಪರರ ಮನೆಯಲ್ಲಿ ಪ್ರಿಯನಾಗಬಹುದೆಂಬದು ವಿದ್ಯಾರ್ಥಿಗೆ. ಶಿಷ್ಯನು ಎಷ್ಟು ಸುಶೀಲನಿದ್ದರೂ ಆಶ್ರಮದ ಒಡೆಯನು ರಕ್ಷಿಸದಿದ್ದರೆ ಆತನಿಗೆ ಗತಿಯಿಲ್ಲೆಂಬದು ವಿದ್ಯಾಲಯಕ್ಕೆ.

ಪುರಾಣದಿಂದ ಸಮೀಪದ ಕಾಲಕ್ಕೆ ಬರುವದಾದರೆ ಈ ಜಿಲ್ಲೆಯಲ್ಲಿಯೇ ನಿದರ್ಶನಗಳುಂಟು. 1880ರಲ್ಲಿ ವಿಜಾಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲಿನ ತಲೆಮಾರಿಗೆ ಉಚ್ಚ ಶಿಕ್ಷಣವೆಂದರೆ ಪುಣೆ, ಮುಂಬಯಿಗಳ ದಾರಿಯೇ. ಅವರು ಮರಾಠಿಗರನ್ನು ದ್ವೇಷಿಸಿ ಮೂಲೆಯಲ್ಲಿ ಕೂಡ್ರಲಿಲ್ಲ. ತಿಲಕರ ಪ್ರಭಾವಕ್ಕೊಳಗಾಗಿ ಅವರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು. ಆದರೆ ಮರಾಠಿಗರಾಗಿಯೂ ಮಾರ್ಪಡಲಿಲ್ಲ. 1917ರಲ್ಲಿ “ಕರ್ನಾಟಕ ಗತವೈಭವ”ವನ್ನು ಬರೆದು ಕನ್ನಡಿಗರಿಗೆ ತಮ್ಮ ನಾಡಿನ ನೆನಪನ್ನು ಮಾಡಿಕೊಟ್ಟವರು ಅವರೇ. ಇಂಡಿ ತಾಲೂಕಿನ ಅಗರಖೇಡದಲ್ಲಿ 1904ರಲ್ಲಿ ಜನಿಸಿದ ಆದ್ಯ ರಂಗಾಚಾರ್ಯರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಬಳಿಕ ಲಂಡನ್ನಿನಲ್ಲಿಯೂ ಓದಿ ಬಂದು ಧಾರವಾಡದಲ್ಲಿ ಸಂಸ್ಕೃತವನ್ನು ಕಲಿಸಿದರು. ಶ್ರೀರಂಗರೆಂಬ ಹೆಸರಿನಿಂದ ಬರೆದ ನಾಟಕಗಳನ್ನು ಮಾತ್ರ ಕನ್ನಡಕ್ಕೇ ಕೊಟ್ಟರು. ಪರರ ಭಾಷೆಯನ್ನು ಚೆನ್ನಾಗಿ ಕಲಿಯುವದು ಸ್ವಭಾಷೆಗೆ ದ್ರೋಹವಲ್ಲವೆಂಬದು ಇದರಿಂದ ಸಿದ್ಧವಾಗುತ್ತದೆ. ನೆರೆಯವನ ಹೊಲದ ಬೆಳೆಯನ್ನು ಕಣ್ಣು ತುಂಬ ನೋಡಿ ಬಂದ ಒಕ್ಕಲಿಗನು ತನ್ನ ಹೊಲಕ್ಕೆ ಬೆಂಕಿ ಹಚ್ಚುವದಿಲ್ಲ, ಮತ್ತಿಷ್ಟು ಹರಗುತ್ತಾನೆ.

ಇಷ್ಟರ ವರೆಗೆ ಹೋಗುವವನ ಧರ್ಮವಾಯಿತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನ್ಯಾಯವಾಗಲಾರದು. ಹದಿನೆಂಟು ವರ್ಷದ ಒಂಟಿ ಹುಡುಗನು ಸಾವಿರಾರು ಜನರಿಗೆ ಹೊಂದಿಕೊಳ್ಳಬೇಕು, ಆ ಸಾವಿರಾರು ಜನರು ಒಬ್ಬನಿಗಾಗಿ ಅಂಗುಲವೂ ಸರಿಯಬೇಕಾಗಿಲ್ಲ ಎಂಬದು ಯಾವ ಧರ್ಮಶಾಸ್ತ್ರ? ಆತಿಥೇಯರ ಕರ್ತವ್ಯವೇನೆಂಬದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವೇ ಅದನ್ನು ಹೇಳುತ್ತದೆ.

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಶಕ 867ರಲ್ಲಿ, ಎಂದರೆ ಕ್ರಿ. ಶ. 945ರಲ್ಲಿ, ಆ ಊರಿಗೆ ಪಾವಿಟ್ಟಗೆ ಎಂಬ ಹೆಸರಿದ್ದಿತು. ಚಕ್ರವರ್ತಿಯ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಅಲ್ಲಿಯ ವಿದ್ಯಾರ್ಥಿಗಳು ನಾನಾ ಜನಪದಗಳಲ್ಲಿ ಹುಟ್ಟಿ ಬಂದವರೆಂದು ಶಾಸನವು ಸ್ಪಷ್ಟವಾಗಿ ತಿಳಿಸುತ್ತದೆ. ಇಂಥ ಪರಸ್ಥಳದವರಿಗೆ ಆ ಊರು ಮಾಡಿದ್ದೇನು? ಅವರ ವಾಸಕ್ಕೆ 27 ನಿವೇಶನಗಳನ್ನು ಬಿಟ್ಟಿತು. ಶಾಲೆಗೆ 500 ನಿವರ್ತನ ಭೂಮಿಯನ್ನು ಕೊಟ್ಟಿತು. ದೀಪದ ಖರ್ಚಿಗೆಂದೇ 12 ನಿವರ್ತನಗಳನ್ನೂ ಉಪಾಧ್ಯಾಯನಿಗೆ 50 ನಿವರ್ತನಗಳನ್ನೂ ಬೇರೆಯಾಗಿ ತೆಗೆದಿರಿಸಿತು. ಇಲ್ಲಿಯ ವರೆಗಿನದು ದಾನ. ಮುಂದಿನದು ಅದಕ್ಕಿಂತ ಹಿರಿದು. ಊರವರ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಅದಕ್ಕೂ ಕಡಿಮೆ, ಹೀಗೆ ಶಾಲೆಗೆ ಸಲ್ಲತಕ್ಕದ್ದೆಂದು ಕಟ್ಟಳೆಯಾಯಿತು. ಯಾವ ಕಾರಣದಿಂದಲೇ ಆಗಲಿ ಬ್ರಾಹ್ಮಣಭೋಜನವಾದರೆ ಶಾಲೆಯವರಿಗೂ ಯಥಾಶಕ್ತಿಯಾಗಿ ಊಟವಿಡಬೇಕೆಂದು ಗೊತ್ತಾಯಿತು.

ಇದರ ಮರ್ಮವನ್ನು ಯೋಚಿಸಬೇಕು. ಭೂಮಿಯಿಂದ ಹೊಟ್ಟೆಯು ತುಂಬುತ್ತದೆ. ಆದರೆ ಹೊಟ್ಟೆ ತುಂಬಿದವನೂ ಪರಕೀಯನಾಗಿಯೇ ಉಳಿಯಬಹುದು. ಊರಿನ ಮದುವೆಯ ಪಂಕ್ತಿಯಲ್ಲಿ ಆತನಿಗೆ ಎಲೆ ಹಾಕಿದ ದಿನ ಆತನು ಊರಿನವನಾಗುತ್ತಾನೆ. ಅದೂ ಯಾರೋ ಒಬ್ಬರಿಗೆ ಕನಿಕರ ಬಂದು ಕರೆದದ್ದರಿಂದಲ್ಲ. ಆ ಎಲೆಯ ಮೇಲೆ ಆತನಿಗೆ ಅಧಿಕಾರವಿದ್ದಿತು, ಕಲ್ಲಿನಲ್ಲಿ ಕೊರೆದ ಅಧಿಕಾರ. ಕನಿಕರವನ್ನು ಉಣ್ಣುವವನು ತಲೆ ತಗ್ಗಿಸಿ ಉಣ್ಣುತ್ತಾನೆ. ಹಕ್ಕನ್ನು ಉಣ್ಣುವವನು ನಗುನಗುತ್ತ ಉಣ್ಣುತ್ತಾನೆ.

ಆ ಶಾಲೆಯಲ್ಲಿ ದೋಷವಿರಲಿಲ್ಲವೆಂದಲ್ಲ. ಅದು ವೇದಾಧ್ಯಯನದ ಅಧಿಕಾರವುಳ್ಳವರೆಂದು ಆಗ ಎಣಿಸಿದವರಿಗಾಗಿ ಮಾತ್ರ ಇದ್ದಿತು. ದೂರದ ಜನಪದದಿಂದ ಬಂದ ಬ್ರಾಹ್ಮಣಪುತ್ರನು ಒಳಗೆ. ಅದೇ ಊರಿನಲ್ಲಿ ಹುಟ್ಟಿದ ಒಕ್ಕಲಿಗನ ಮಗನೂ ಕುಂಬಾರನ ಮಗನೂ ಹೊರಗೆ. ಹಾಗಿರುವಾಗ ಪರಸ್ಥಳದವರಾರು, ಊರಿನವರಾರು? ಎರಡು ಶತಮಾನಗಳ ತರುವಾಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಬಂದವರನ್ನು ಯಾರ ಮನೆಯವರೆಂದು ವಿಚಾರಿಸದೆ ತಮ್ಮವರೆಂದೇ ಎಣಿಸಬೇಕೆಂದು ಬೋಧಿಸಿದ್ದು ಈ ಕೊರತೆಗೆ ಉತ್ತರವೆನ್ನಬೇಕು. ಸಾಲೋಟಗಿಯ ಕಟ್ಟಳೆಯೂ ಬಾಗೇವಾಡಿಯ ಔದಾರ್ಯವೂ ಕೂಡಿದರೆ ಇಂದಿನ ವಿದ್ಯಾಲಯಕ್ಕೆ ಬೇಕಾದ ಧರ್ಮವು ಪೂರ್ಣವಾಗುತ್ತದೆ.

ಇಂದಿನ ಕಾಲದಲ್ಲಿಯೂ ಕಟ್ಟಳೆಗಳಿಲ್ಲದೆ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ರ‍್ಯಾಗಿಂಗ್ ನಿಷೇಧದ ನಿಯಮಗಳನ್ನು ಮಾಡಿತು. ಹುಟ್ಟಿದ ಪ್ರದೇಶ, ಆಡುವ ಭಾಷೆ ಮುಂತಾದವುಗಳಿಗಾಗಿ ಒಬ್ಬನನ್ನು ಪೀಡಿಸುವದೂ ಅದೇ ಅಪರಾಧದಲ್ಲಿ ಸೇರುವದೆಂದು 2016ರಲ್ಲಿ ತಿದ್ದುಪಡಿಯನ್ನು ತಂದಿತು. ಇದು ಅವಶ್ಯವಾದದ್ದೇ. ಆದರೆ ನಿಯಮವು ಹೊಡೆಯುವ ಕೈಯನ್ನು ತಡೆಯಬಲ್ಲದು. ಊಟಕ್ಕೆ ಕರೆಯುವ ಬಾಯನ್ನು ಕೊಡಲಾರದು. 2012ರ ಆಗಸ್ಟ ತಿಂಗಳಲ್ಲಿ ಸುಳ್ಳು ಸುದ್ದಿಯೊಂದು ಹಬ್ಬಿ ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳೂ ಕೆಲಸಗಾರರೂ ಬೆಂಗಳೂರನ್ನು ಬಿಟ್ಟು ರೈಲು ಹತ್ತಿದರು. ಕಾಯಿದೆಯಿದ್ದಿತು, ಪೊಲೀಸರಿದ್ದರು, ಭಯಪಡಬೇಡಿರೆಂದು ಮಂತ್ರಿಗಳೂ ಹೇಳಿದರು. ಆದರೆ ಆ ರಾತ್ರಿ “ನಮ್ಮ ಮನೆಗೆ ಬಾ, ನೋಡೋಣ ಯಾರು ಬರುತ್ತಾರೋ” ಎಂದು ಕರೆಯುವಷ್ಟು ಪರಿಚಯದ ನೆರೆಮನೆಯು ಎಷ್ಟು ಜನರಿಗಿದ್ದಿತು? ಪರಿಚಯವನ್ನು ಆಪತ್ತಿನ ದಿನ ಮಾಡಿಕೊಳ್ಳಲಾಗುವದಿಲ್ಲ. ಅದನ್ನು ಹಬ್ಬದ ದಿನಗಳಲ್ಲಿ ಕೂಡಿಟ್ಟಿರಬೇಕು.

ಇಲ್ಲಿ ಕೆಲವರು ಶಂಕಿಸಬಹುದು: ಇದು ದೊಡ್ಡ ಪಟ್ಟಣಗಳ ಮಾತು, ಈ ನಾಲ್ಕು ತಾಲೂಕುಗಳ ಗೃಹಸ್ಥರಿಗೆ ಇದರಿಂದೇನು? ಉತ್ತರವು ಸುಲಭ. ನೆರೆಯ ಕಲಬುರ್ಗಿ ಜಿಲ್ಲೆಯ ಕಡಗಂಚಿಯಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಬೇರೆ ಬೇರೆ ರಾಜ್ಯಗಳ ವಿದ್ಯಾರ್ಥಿಗಳು ಬರುತ್ತಾರೆ. ವಿಜಯಪುರದಲ್ಲಿ 2003ರಲ್ಲಿ ಆರಂಭವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಧರಿಸಿದ ಮಹಿಳಾ ವಿಶ್ವವಿದ್ಯಾಲಯಕ್ಕೂ ದೂರದೂರುಗಳ ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲೊಬ್ಬಳು ಬಸ್ಸಿನಲ್ಲಿ ಮಗ್ಗುಲಿಗೆ ಕುಳಿತು ಮುರುಕು ಕನ್ನಡದಲ್ಲಿ ದಾರಿ ಕೇಳಿದಾಗ ನಗುವದೋ, ನಿಧಾನವಾಗಿ ತಿಳಿಸಿ ಹೇಳುವದೋ? ಬಾಡಿಗೆಗೆ ಖೋಲಿ ಕೇಳಿ ಬಂದ ವಿದ್ಯಾರ್ಥಿಗೆ ಮೊದಲು ಜಾತಿಯನ್ನು ಕೇಳುವದೋ, ನೀರನ್ನು ಕೊಡುವದೋ? ದಿಲ್ಲಿಯಲ್ಲಿರುವ ತನ್ನ ಮಗನನ್ನು ಅಲ್ಲಿಯ ಜನರು ಹೇಗೆ ಕಾಣಬೇಕೆಂದು ತಾಯಿಯು ಬಯಸುವಳೋ ಹಾಗೆ ತನ್ನ ಓಣಿಗೆ ಬಂದ ಪರರ ಮಗನನ್ನು ಕಾಣಬೇಕು. ದಿಲ್ಲಿಯಲ್ಲಿಯ ಮಗನ ಸುಖವನ್ನು ಆಕೆಯು ಇಲ್ಲಿ ಕುಳಿತು ಕೊಳ್ಳಲಾರಳು; ಅಂಥದೇ ಸುಖವನ್ನು ಇನ್ನೊಬ್ಬ ತಾಯಿಯ ಮಗನಿಗೆ ಇಂದೇ ಕೊಡಬಲ್ಲಳು.

ಸಾರಾಂಶವೇನಂದರೆ, ಹೊಂದಿಕೆಯೆಂಬದು ಒಬ್ಬನು ಬಾಗಿ ಇನ್ನೊಬ್ಬನು ನೆಟ್ಟಗೆ ನಿಲ್ಲುವ ವ್ಯವಹಾರವಲ್ಲ. ನೊಗಕ್ಕೆ ಎರಡು ಎತ್ತುಗಳು ಹೆಗಲು ಕೊಡುವಂಥ ಕೆಲಸವು. ಹೋದವನು ಅಲ್ಲಿಯ ಭಾಷೆಯನ್ನು ಕಲಿಯಲಿ, ಅಲ್ಲಿಯ ಸಜ್ಜನರನ್ನು ಹುಡುಕಿ ಅವರಂತೆ ನಡೆಯಲಿ, ಮನೆಯ ಹೆಸರನ್ನು ಮುಚ್ಚಿಡದಿರಲಿ. ಬರಮಾಡಿಕೊಂಡವರು ಆತನಿಗೆ ಇರಲು ಸ್ಥಳವನ್ನಷ್ಟೇ ಅಲ್ಲ, ಪಂಕ್ತಿಯಲ್ಲಿ ಎಲೆಯನ್ನೂ ಕೊಡಲಿ. “ಹೊಂದಿಕೊಂಡು ಹೋಗಪಾ” ಎಂದು ಮಗನಿಗೆ ಹೇಳಿ ಕಳಿಸಿದ ತಂದೆಯು ಹಾಗೆಯೇ ಮನೆಗೆ ತಿರುಗದೆ, ಅದೇ ಬಸ್ಸಿನಿಂದ ಇಳಿದು ಗಂಟು ಹಿಡಿದುಕೊಂಡು ಅತ್ತಿತ್ತ ನೋಡುತ್ತ ನಿಂತ ಪರಸ್ಥಳದ ಹುಡುಗನನ್ನು “ಎಲ್ಲಿಗೆ ಹೋಗಬೇಕು, ತಮ್ಮಾ?” ಎಂದು ಕೇಳಿದರೆ, ಆತನು ಮಗನಿಗೆ ಹೇಳಿದ ಮಾತು ಅಂದು ಸಾರ್ಥಕವಾಗುವದು.