ಹಾಜರಿ ಪುಸ್ತಕ ಮುಚ್ಚಿದ ಮೇಲೆ

ಹೋದ ವಾರ ಪಾಸ್ಟರ್ ಅಯ್ಯನವರು ನನ್ನನ್ನು ಕರೆದು, "ಮೇಷ್ಟ್ರೇ, ಶಾಲೆಗೆ ರಜೆ ಬಂತಲ್ಲ, ಬರೋ ಭಾನುವಾರ ನೀವೇ ನಾಲ್ಕು ಮಾತು ಹಂಚಿಕೊಳ್ಳಿ" ಅಂದರು. ನಾನು ಪ್ರಸಂಗಿ ಅಲ್ಲ. ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಗಣಿತ ಹೇಳಿಕೊಡುವ ಮೇಷ್ಟ್ರು. ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಮಾತಾಡ್ತೀನಿ. ಒಬ್ಬ ಮೇಷ್ಟ್ರ ವರ್ಷ ಹೇಗೆ ಮುಗಿಯುತ್ತೆ ಅನ್ನೋದನ್ನ ಹೇಳಿ, ಅದರಿಂದ ಒಂದು ಪ್ರಶ್ನೆ ನಿಮ್ಮ ಮುಂದೆ ಇಡ್ತೀನಿ. ಪ್ರಶ್ನೆ ಇಷ್ಟೇ: ನನ್ನ ಕೆಲಸ ಮುಗಿಯಿತು, ಇನ್ನು ನಾನು ನೆಮ್ಮದಿಯಾಗಿ ಇರಬಹುದು ಅಂತ ಒಬ್ಬ ಮನುಷ್ಯ ಯಾವಾಗ ಹೇಳಬಹುದು?

ನಿಮ್ಮಲ್ಲಿ ಮಕ್ಕಳನ್ನು ಹತ್ತನೇ ತರಗತಿ ಓದಿಸಿದವರಿಗೆ ಗೊತ್ತಿರುತ್ತೆ. ಜನವರಿ ಬಂತು ಅಂದರೆ ನಮಗೂ ಮಕ್ಕಳಿಗೂ ನಿದ್ದೆ ಇರುವುದಿಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ, ನಡುವೆ ಪೂರ್ವಸಿದ್ಧತಾ ಪರೀಕ್ಷೆ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ನನ್ನ ಗಣಿತಕ್ಕೆ 100. ಅದರಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ ಅಂಕಗಳನ್ನು ಕಂಪ್ಯೂಟರಿಗೆ ಏರಿಸಬೇಕು, ಒಂದು ಸೊನ್ನೆ ಹೆಚ್ಚು ಕಮ್ಮಿ ಆಗಬಾರದು. ಆಮೇಲೆ ಪರೀಕ್ಷೆ. ಆಮೇಲೆ ಎಂಟು, ಒಂಬತ್ತರ ಮಕ್ಕಳ ಉತ್ತರ ಪತ್ರಿಕೆ. ಏಪ್ರಿಲ್ 10ಕ್ಕೆ ಅವರ ಫಲಿತಾಂಶ ಹೇಳಿ ಕಳಿಸಿದರೆ ವರ್ಷ ಮುಗಿದ ಹಾಗೆ.

ಆ ಮಧ್ಯಾಹ್ನ ಶಾಲೆ ಹೇಗಿರುತ್ತೆ ಗೊತ್ತಾ? ಬಿಸಿಯೂಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿರುತ್ತಾರೆ. ಅಂಗಳದ ಹೊಂಗೆ ಮರದ ಕೆಳಗೆ ಹೂವು ಉದುರಿರುತ್ತೆ, ತುಳಿಯುವ ಮಕ್ಕಳಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು ಟೀ ತರಿಸುತ್ತಾರೆ. ಹತ್ತು ತಿಂಗಳಿಂದ ಕಟ್ಟಿಕೊಂಡಿದ್ದ ಉಸಿರನ್ನು ಎಲ್ಲರೂ ಒಟ್ಟಿಗೆ ಬಿಟ್ಟ ಹಾಗೆ ಇರುತ್ತೆ. ಪ್ರಿಯರೇ, ಆ ದಣಿವು ಸುಳ್ಳಲ್ಲ. ದಣಿದವನು ಕೂರಬೇಕು. ದೇವರೇ ಏಳನೇ ದಿನ ವಿಶ್ರಮಿಸಿದನು ಅಂತ ನಂಬುವ ನಾವು ವಿಶ್ರಾಂತಿಯನ್ನು ಪಾಪ ಅನ್ನುವ ಹಾಗಿಲ್ಲ.

ನನಗೆ ಒಂದು ಅಭ್ಯಾಸ ಇದೆ. ಕೊನೆಯ ದಿನ ಹಾಜರಿ ಪುಸ್ತಕದ ಮೊತ್ತವನ್ನೆಲ್ಲ ಕೂಡಿ, ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆಯುತ್ತೇನೆ. ಅದು ಎಳೆದರೆ ನನಗೊಂದು ಸಮಾಧಾನ. ಈ ವರ್ಷವೂ ಸ್ಕೇಲ್ ತೆಗೆದುಕೊಂಡೆ. ಕಣ್ಣು ಹೋಗಿ 27ನೇ ನಂಬರಿನ ಸಾಲಿನ ಮೇಲೆ ನಿಂತಿತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಜರು. ಅಲ್ಲಿಂದಾಚೆ ಗೈರು, ಗೈರು, ಗೈರು. ನನ್ನದೇ ಕೈಬರಹ.

ಆ ತರಗತಿಯಲ್ಲಿ 42 ಮಕ್ಕಳಿದ್ದರು. ಪರೀಕ್ಷೆ ಬರೆದವರು 41. ಈಗ ಒಂದು ಲೆಕ್ಕ ಹೇಳ್ತೀನಿ, ಕೇಳಿಸಿಕೊಳ್ಳಿ. ಫಲಿತಾಂಶ ಇನ್ನೂ ಬಂದಿಲ್ಲ. ಆ 41 ಮಕ್ಕಳೂ ಪಾಸಾದರೆ ನಮ್ಮ ಶಾಲೆಯ ಫಲಿತಾಂಶ ಎಷ್ಟು? ಶೇಕಡಾ 97.6 ಅಂದುಕೊಂಡಿರಾ? ಅಲ್ಲ, ಶೇಕಡಾ 100. ಯಾಕೆ ಅಂದರೆ ಪರೀಕ್ಷೆಗೆ ಕೂತವರನ್ನು ಮಾತ್ರ ಎಣಿಸುತ್ತಾರೆ. ಬಿಟ್ಟುಹೋದವನು ಫೇಲಾದವನೂ ಅಲ್ಲ. ಭಿನ್ನರಾಶಿಯಲ್ಲಿ ಮೇಲೆ ಅಂಶ, ಕೆಳಗೆ ಛೇದ ಅಂತ ಮಕ್ಕಳಿಗೆ ಕಲಿಸುತ್ತೇವೆ. ಆ ಹುಡುಗ ಮೇಲೂ ಇಲ್ಲ, ಕೆಳಗೂ ಇಲ್ಲ. ಶಾಲೆಗೆ ಹೂವಿನ ಹಾರ ಬರುತ್ತೆ, ಲೆಕ್ಕವೂ ತಪ್ಪಿರುವುದಿಲ್ಲ.

ನೂರು ಕುರಿಗಳ ಸಾಮ್ಯ ನಮಗೆಲ್ಲ ಗೊತ್ತು. ಒಂದು ಕಳೆದುಹೋದಾಗ ಕುರುಬನು ಹುಡುಕಿಕೊಂಡು ಹೋದದ್ದನ್ನೇ ನಾವು ಯಾವಾಗಲೂ ಹೇಳುತ್ತೇವೆ. ಗಣಿತದ ಮೇಷ್ಟ್ರಾದ ನನಗೆ ಅದಕ್ಕಿಂತ ಮುಂಚೆ ನಡೆದದ್ದು ಕಾಣುತ್ತೆ. ಆ ಮನುಷ್ಯ ಸಂಜೆ ಎಣಿಸಿದ. ನೂರಕ್ಕೆ ಎಣಿಸಿದ. ಮುಂದಿರುವ ಕುರಿಗಳನ್ನಷ್ಟೇ ಎಣಿಸಿ, 99ಕ್ಕೆ 99 ಸರಿಯಾಗಿದೆ ಅಂದುಕೊಂಡಿದ್ದರೆ ಅವನು ನೆಮ್ಮದಿಯಾಗಿ ಮಲಗುತ್ತಿದ್ದ.

ಈಗ ಆ ಹುಡುಗ ಯಾಕೆ ಬಿಟ್ಟ ಅನ್ನೋದನ್ನ ಹೇಳಬೇಕು. ಇದನ್ನು ಹೇಳೋಕೆ ನಾಚಿಕೆ ಆಗುತ್ತೆ. ದಸರಾ ರಜೆ ಮುಗಿದ ಮೇಲಿನ ವಾರ ವರ್ಗ ಸಮೀಕರಣ ಮಾಡುತ್ತಿದ್ದೆ. ಅವನು ಮೂರನೇ ಸಲ ಎದ್ದು ನಿಂತು, "ಸರ್, ಇನ್ನೊಂದ್ಸಲ ಹೇಳ್ತೀರಾ?" ಅಂದ. ಪಾಠ ಹಿಂದೆ ಬಿದ್ದಿತ್ತು, ನನಗೆ ರೇಗಿತ್ತು. "ಇದು ನಿನ್ನ ತಲೆಗೆ ಹತ್ತೋದಿಲ್ಲ ಬಿಡು. ಸುಮ್ನೆ ನಿಮ್ಮಪ್ಪನ ಜೊತೆ ಗಾರೆ ಕೆಲಸಕ್ಕೆ ಹೋಗು" ಅಂದೆ. ತರಗತಿ ನಕ್ಕಿತು. ಅವನು ಕೂತ. ಇನ್ನೂ ಎಂಟು ಹತ್ತು ದಿನ ಬಂದ, ಆಮೇಲೆ ಬರಲಿಲ್ಲ.

ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಗಾರೆ ಕೆಲಸದವರು. ಈ ಸಭಾಮಂದಿರದ ಗೋಡೆ ಎಬ್ಬಿಸಿದ ಕೈಗಳು ಇಲ್ಲೇ ಇವೆ. ನಿಮ್ಮ ಕೆಲಸವನ್ನು ನಾನು ಒಂದು ಮಗುವಿಗೆ ಬೈಗುಳವಾಗಿ ಬಳಸಿದೆ. ಅಣ್ಣಂದಿರೇ, ಅದಕ್ಕೆ ಮೊದಲು ನಿಮ್ಮನ್ನು ಕ್ಷಮೆ ಕೇಳ್ತೀನಿ.

ಆರು ತಿಂಗಳು ನಾನು ಏನು ಮಾಡಿದೆ? ನೆವಗಳನ್ನು ಹುಡುಕಿದೆ. ಒಂದೊಂದೂ ನೋಡೋಕೆ ಸರಿಯಾಗೇ ಇತ್ತು.

ಮೊದಲನೇ ನೆವ, ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಅವನಿಗೆ 15 ತುಂಬಿತ್ತು. 14 ದಾಟಿದವರು ಅಪಾಯವಿಲ್ಲದ ಕೆಲಸ ಮಾಡಲು ಕಾನೂನಿನ ಅಡ್ಡಿ ಇಲ್ಲ. ಹಾಗಾದರೆ ನನ್ನ ಹೊಣೆ ಎಲ್ಲಿಂದ ಬಂತು ಅಂದುಕೊಂಡೆ. ಎರಡನೇ ನೆವ, ಉಳಿದ 41 ಮಕ್ಕಳು. ಒಬ್ಬನನ್ನು ಹುಡುಕುತ್ತಾ ಹೋದರೆ ಇವರ ಪಾಠ ಯಾರು ಮಾಡೋದು? ಇದು ಪೂರ್ತಿ ಸುಳ್ಳಲ್ಲ. ಮೂರನೇ ನೆವ, ಅವನ ಮನೆ. ಅವರಪ್ಪ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ, ಮನೆ ನಡೆಸೋಕೆ ಹುಡುಗ ಕೆಲಸಕ್ಕೆ ಹೋಗ್ತಿದ್ದಾನೆ ಅಂತ ನವೆಂಬರ್‌ನಲ್ಲಿ ಗೊತ್ತಾಯಿತು. ಅದನ್ನು ಕೇಳಿದಾಗ ನನಗೆ ಮೊದಲು ಬಂದದ್ದು ದುಃಖ ಅಲ್ಲ ಪ್ರಿಯರೇ, ಸಮಾಧಾನ. ಅಬ್ಬಾ, ನನ್ನ ಮಾತಿನಿಂದ ಬಿಟ್ಟಿದ್ದಲ್ಲ!

ಆಮೇಲೆ ರಾತ್ರಿ ಹೊತ್ತು ಲೆಕ್ಕ ಹಾಕೋಕೆ ಶುರು ಮಾಡಿದೆ. ಅವನು ಬಿಟ್ಟಿದ್ದರಲ್ಲಿ ಅಪ್ಪನ ಕಾಲಿನ ಪಾಲು ಎಷ್ಟು, ಸಾಲದ ಪಾಲು ಎಷ್ಟು, ನನ್ನ ಮಾತಿನ ಪಾಲು ಎಷ್ಟು? ನಾಲ್ಕನೇ ಒಂದೋ, ಹತ್ತನೇ ಒಂದೋ? ಮುಖ್ಯೋಪಾಧ್ಯಾಯರು, "ನೀವು ತಲೆ ಕೆಡಿಸ್ಕೋಬೇಡಿ, ಬಡತನಕ್ಕೆ ನೀವೇನು ಮಾಡ್ತೀರಿ" ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು. ನಾನು ಅವನಿಗಾಗಿ ಪ್ರಾರ್ಥನೆ ಮಾಡ್ತಿದ್ದೆ, ಅದನ್ನೂ ಹೇಳಿಬಿಡ್ತೀನಿ. ದಿನಾ ಮಾಡ್ತಿದ್ದೆ. ಅವನ ಮನೆ ನನ್ನ ಬೈಕಿನ ದಾರಿಯಲ್ಲೇ ಇತ್ತು. ಪ್ರಾರ್ಥನೆ ಮಾಡುತ್ತಲೇ ಆ ಮನೆಯನ್ನು ದಾಟಿ ಹೋಗ್ತಿದ್ದೆ.

ಏಪ್ರಿಲ್ 10ರ ಸಂಜೆ ಗೆರೆ ಎಳೆಯದೆ ಮನೆಗೆ ಬಂದೆ. ನಮ್ಮ ಮನೆಯವರಿಗೆ ಎಲ್ಲ ಗೊತ್ತಿತ್ತು. "ಇಷ್ಟು ದಿನ ಪರೀಕ್ಷೆ ಅಂದ್ರಿ. ಈಗ ರಜೆ ಬಂತಲ್ಲ. ಇನ್ನೇನು ಹೇಳ್ತೀರಿ?" ಅಂದರು. ಅಷ್ಟೇ ಅಂದರು. ನನ್ನ ಎರಡನೇ ನೆವ ಅಲ್ಲೇ ಬಿದ್ದುಹೋಯಿತು. 41 ಮಕ್ಕಳು ಪರೀಕ್ಷೆ ಬರೆದು ಮನೆ ಸೇರಿದ್ದರು. ನನ್ನ ಕೈ ಖಾಲಿ ಇತ್ತು. ಆಗ ನನಗೆ ಹೊಳೆಯಿತು, ವರ್ಷದ ಕೊನೆ ಅನ್ನೋದು ಬಿಟ್ಟುಹೋದವನನ್ನು ಮರೆಯೋಕೆ ಸಿಗುವ ಸಮಯ ಅಲ್ಲ, ಅವನ ಹತ್ತಿರ ಹೋಗೋಕೆ ಸಿಗುವ ಸಮಯ ಅಂತ.

ಎರಡು ದಿನ ಬಿಟ್ಟು ಹೋದೆ. ಅವರಮ್ಮ ಬಾಗಿಲಲ್ಲಿ ನನ್ನನ್ನು ನೋಡಿ ಗಾಬರಿಯಾದರು. "ಏನ್ ಸಾರ್, ಏನಾದ್ರೂ ಕಟ್ಟಬೇಕಾ?" ಅಂದರು. ಮೇಷ್ಟ್ರು ಮನೆಗೆ ಬಂದರೆ ಹಣ ಕೇಳೋಕೇ ಬಂದಿರಬೇಕು ಅಂದುಕೊಂಡರು. ಅವರಪ್ಪ ಒಳಗೆ ಮಂಚದ ಮೇಲೆ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಹುಡುಗ ಕೆಲಸಕ್ಕೆ ಹೋಗಿದ್ದ. ವಿಳಾಸ ಕೇಳಿಕೊಂಡು ಅಲ್ಲಿಗೇ ಹೋದೆ.

ಒಂದು ಹೊಸ ಮನೆಯ ಪಾಯಕ್ಕೆ ಗುರುತು ಹಾಕ್ತಿದ್ದರು. ಅವನು ದಾರ ಹಿಡಿದುಕೊಂಡು ನಿಂತಿದ್ದ. ಮೇಸ್ತ್ರಿ ಒಂದು ದಾರದ ಮೇಲೆ 3 ಅಡಿ ಗುರುತು ಮಾಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ, ನಡುವೆ ಟೇಪು ಹಿಡಿದು 5 ಅಡಿ ಬರುತ್ತಾ ನೋಡ್ತಿದ್ದರು. ಬಂದರೆ ಮೂಲೆ ಸರಿ. ನಿಮಗೆ ಇದು ದಿನದ ಕೆಲಸ. ನಾನು ವರ್ಷ ವರ್ಷವೂ ಹಲಗೆಯ ಮೇಲೆ ಬರೆಯುವ ಪೈಥಾಗೊರಸ್ ಪ್ರಮೇಯ ಅದೇ. ತಲೆಗೆ ಹತ್ತೋದಿಲ್ಲ ಅಂತ ನಾನು ಹೇಳಿದ ಹುಡುಗ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ.

ನಾನು ಮಾತಾಡೋಕೆ ಬಹಳ ತಯಾರಿ ಮಾಡಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ಮೇಸ್ತ್ರಿ, ಇನ್ನಿಬ್ಬರು ಕೆಲಸದವರ ಮುಂದೆಯೇ, "ಅವತ್ತು ತರಗತಿಯಲ್ಲಿ ನಾನು ಆಡಿದ ಮಾತು ತಪ್ಪಪ್ಪಾ. ನಿನಗೂ ತಪ್ಪು, ನಿಮ್ಮಪ್ಪನಿಗೂ ತಪ್ಪು. ನನ್ನನ್ನ ಕ್ಷಮಿಸು" ಅಂದೆ. ಅವನು ನೆಲ ನೋಡಿಕೊಂಡು, "ಇರ್ಲಿ ಬಿಡಿ ಸರ್" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ನಾನು ಆ ಮಾತಿಗೆ ಬಿಟ್ಟಿದ್ದಲ್ಲ ಸರ್. ಅಪ್ಪಂಗೆ ಹಂಗಾಗಿತ್ತಲ್ಲ, ಹೋಗಲೇಬೇಕಿತ್ತು. ಆದ್ರೆ ನೀವು ಹಂಗೆ ಅನ್ನದೇ ಇದ್ದಿದ್ರೆ, ಹೋಗೋ ಮುಂಚೆ ನಿಮ್ಗೆ ಒಂದು ಮಾತು ಹೇಳಿ ಹೋಗ್ತಿದ್ದೆ."

ಪ್ರಿಯರೇ, ಆರು ತಿಂಗಳು ನಾನು ಹಾಕಿದ ಲೆಕ್ಕಕ್ಕೆ ಉತ್ತರ ಅಲ್ಲಿ ಸಿಕ್ಕಿತು. ಅವನನ್ನು ಶಾಲೆಯಿಂದ ಹೊರಗೆ ತಳ್ಳಿದ್ದು ನನ್ನ ಮಾತಲ್ಲ. ಆದರೆ ತೊಂದರೆ ಬಂದಾಗ ಅವನು ತಟ್ಟಬಹುದಾಗಿದ್ದ ಒಂದು ಬಾಗಿಲನ್ನು ನನ್ನ ಮಾತು ಮುಚ್ಚಿತ್ತು. ಹೇಳಿದ್ದರೆ ನಾನು ಏನು ಮಾಡ್ತಿದ್ದೆನೋ ಗೊತ್ತಿಲ್ಲ. ಹೇಳುವ ದಾರಿಯೇ ಇರಲಿಲ್ಲವಲ್ಲ, ಅದು ನನ್ನದು.

ನಾನು ಕಲಿತದ್ದು ಇಷ್ಟು. ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣವಾಗಿದ್ದರೆ ಮಾತ್ರ ಕ್ಷಮೆ ಕೇಳಬೇಕು ಅಂತ ನಾವು ಅಂದುಕೊಳ್ತೀವಿ. ಹಾಗಾಗಿ ಪಾಲು ಲೆಕ್ಕ ಹಾಕ್ತಾ ಕೂರ್ತೀವಿ. ಅವನು ಓದಿ ದೊಡ್ಡ ಆಫೀಸರ್ ಆಗಿದ್ದರೂ ನಾನು ಆಡಿದ ಮಾತು ತಪ್ಪೇ. ಅದರ ಸಾಲ ಆ ಮಾತಿನದ್ದು, ಆ ದಿನದ್ದು. ಅದನ್ನು ತೀರಿಸೋಕೆ ಯಾವ ಲೆಕ್ಕವೂ ಬೇಕಾಗಿರಲಿಲ್ಲ. ಕಾಣಿಕೆಯನ್ನು ಅಲ್ಲೇ ಇಟ್ಟು, ಮನಸ್ತಾಪವಿರುವ ಸಹೋದರನ ಬಳಿಗೆ ಮೊದಲು ಹೋಗಬೇಕೆಂದು ಕರ್ತನು ಕಲಿಸಿದಾಗ, ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸಿ ಹೋಗು ಅಂತ ಸೇರಿಸಲಿಲ್ಲ.

ಇನ್ನೊಂದು ಮಾತೂ ಹೇಳಲೇಬೇಕು. ತಡ ಮಾಡಿದ್ದರಿಂದ ನಾನು ಒಂದನ್ನು ಕಳೆದುಕೊಂಡೆ. ನಕ್ಕದ್ದು 41 ಮಕ್ಕಳು. ಅವರ ಮುಂದೆಯೇ ನಾನು ತಪ್ಪು ಒಪ್ಪಿಕೊಳ್ಳಬೇಕಿತ್ತು. ಈಗ ಅವರು ಚದುರಿಹೋಗಿದ್ದಾರೆ. ಆ ತರಗತಿ ಇನ್ನೊಮ್ಮೆ ಸೇರುವುದಿಲ್ಲ. ಮೇಷ್ಟ್ರು ಹಾಗೆ ಮಾತಾಡಬಹುದು ಅಂತ ಕಲಿತು ಹೋದ ಆ ಮಕ್ಕಳಿಗೆ ಅದು ತಪ್ಪು ಅಂತ ಹೇಳುವ ಅವಕಾಶ ನನಗೆ ಇನ್ನಿಲ್ಲ. ಕೆಲವು ತಪ್ಪುಗಳನ್ನು ಸರಿಪಡಿಸೋಕೆ ಜಾಗವೂ ಬೇಕು, ಸಾಕ್ಷಿಗಳೂ ಬೇಕು. ವರ್ಷ ಮುಗಿದಾಗ ಅವೆರಡೂ ಹೋಗುತ್ತವೆ.

ಹುಡುಗ ಶಾಲೆಗೆ ವಾಪಸ್ ಬಂದ, ಹಲ್ಲೆಲೂಯ ಅಂತ ಹೇಳಿ ಕೂರಬೇಕು ಅಂತ ನನಗೂ ಆಸೆ. ಆದರೆ ಬಂದಿಲ್ಲ. ಜೂನ್‌ನಲ್ಲಿ ಮತ್ತೆ ಹತ್ತಕ್ಕೆ ಸೇರಬಹುದು, ಇಲ್ಲವಾದರೆ ಕೆಲಸ ಮಾಡುತ್ತಲೇ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು ಅಂತ ಹೇಳಿದೆ. ಗಣಿತ ನಾನು ಸಂಜೆ ಬಂದು ಹೇಳಿಕೊಡ್ತೀನಿ ಅಂದೆ. "ನೋಡ್ತೀನಿ ಸರ್" ಅಂದ. ಬಂದರೆ ನನಗೆ ಸಂತೋಷ. ಬರದಿದ್ದರೂ ನಾನು ಹೋದದ್ದು ವ್ಯರ್ಥ ಅಲ್ಲ. ಅವನನ್ನು ವಾಪಸ್ ಕರೆತಂದು ನನ್ನ ಫಲಿತಾಂಶಕ್ಕೆ ಸೇರಿಸಿಕೊಳ್ಳೋಕೆ ನಾನು ಹೋಗಿದ್ದಲ್ಲ.

ಮರುದಿನ ಶಾಲೆಗೆ ಹೋಗಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆದೆ, ಎಳೆಯಲೇಬೇಕಲ್ಲ. ಬೀರುವಿಗೆ ಬೀಗ ಹಾಕಿ ಮನೆಗೆ ಬಂದು ಮಧ್ಯಾಹ್ನ ಮಲಗಿದೆ. ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ನಿಮ್ಮಲ್ಲಿ ಎಲ್ಲರೂ ಮೇಷ್ಟ್ರುಗಳಲ್ಲ. ಆದರೆ ಎಲ್ಲರಿಗೂ ಒಂದು ಪುಸ್ತಕ ಇದೆ, ಅದರಲ್ಲಿ ಒಂದು 27ನೇ ನಂಬರ್ ಇದೆ. ನಿಮ್ಮ ಕೈಕೆಳಗೆ ಕೆಲಸ ಮಾಡಿ ಬಿಟ್ಟುಹೋದವರು ಇರಬಹುದು, ಮಾತು ಬಿಟ್ಟ ತಮ್ಮ ಇರಬಹುದು, ಈ ಸಭೆಗೆ ಬರ್ತಿದ್ದು ಈಗ ಬಾರದ ಒಂದು ಮನೆ ಇರಬಹುದು. ನಮ್ಮ ಲೆಕ್ಕದಲ್ಲಿ ಅವರು ಇಲ್ಲದ ಕಾರಣ ನಮ್ಮ ಲೆಕ್ಕ ಸರಿಯಾಗಿ ಕಾಣುತ್ತೆ. ಈ ವಾರ ಒಮ್ಮೆ ಪೂರ್ತಿ ಎಣಿಸಿ. ಹೆಸರು ನೆನಪಾದರೆ ಪ್ರಾರ್ಥನೆ ಮಾಡಿ, ಆದರೆ ಪ್ರಾರ್ಥನೆ ಮಾಡುತ್ತಾ ಆ ಮನೆ ದಾಟಿ ಹೋಗಬೇಡಿ. ಬೈಕು ನಿಲ್ಲಿಸಿ.

ಎಣಿಸುವ ಕಣ್ಣನ್ನೂ, ಹೋಗುವ ಕಾಲನ್ನೂ, ಆಮೇಲೆ ಒಳ್ಳೆಯ ವಿಶ್ರಾಂತಿಯನ್ನೂ ಕರ್ತನು ನಮಗೆಲ್ಲ ಕೊಡಲಿ. ಆಮೆನ್.