ಮುಚ್ಚದ ತೊಟ್ಟಿಯೂ ಅಹಿಂಸಾಣುವ್ರತವೂ

ಸೊಳ್ಳೆಯು ಚತುರಿಂದ್ರಿಯ ಜೀವ. ಅದನ್ನು ಸಂಕಲ್ಪಪೂರ್ವಕವಾಗಿ ಕೊಲ್ಲಬಾರದೆಂಬುದನ್ನು ಪ್ರತಿಯೊಬ್ಬ ಶ್ರಾವಕನೂ ಬಲ್ಲನು. ಆದರೆ ಮನೆಗೆ ಬಂದ ಅತಿಥಿಯು ಸೊಳ್ಳೆ ಕಚ್ಚಿ ಜ್ವರದಿಂದ ಮಲಗಿದರೆ ಆ ಹಿಂಸೆಯ ಭಾರ ಯಾರದು?

ಕಿತ್ತೂರಿನ ಕೋಟೆ, ಬೈಲಹೊಂಗಲ ಸೀಮೆಯ ಸೊಗಲ, ಸವದತ್ತಿಯ ಎಲ್ಲಮ್ಮನ ಗುಡ್ಡ, ರಾಮದುರ್ಗ ತಾಲ್ಲೂಕಿನ ಶಬರಿಕೊಳ್ಳ ಇವುಗಳಿಗೆ ವರ್ಷವಿಡೀ ಪ್ರವಾಸಿಗರೂ ಯಾತ್ರಿಕರೂ ಬರುತ್ತಾರೆ. ನಳದ ನೀರು ದಿನಾಲೂ ಬಾರದ ಕಡೆ ತೊಟ್ಟಿ, ಹಂಡೆ, ಬ್ಯಾರಲ್ಲುಗಳಲ್ಲಿ ನೀರು ತುಂಬಿಡುವುದು ರೂಢಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ತವರು. ಅದು ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಕಚ್ಚಿದ 4ರಿಂದ 10 ದಿನಗಳ ಮೇಲೆ ಜ್ವರ ಕಾಣಿಸುತ್ತದೆ. ಅಷ್ಟರಲ್ಲಿ ಯಾತ್ರಿಕನು ತನ್ನೂರು ಸೇರಿರುತ್ತಾನೆ. ಧರ್ಮಶಾಲೆಯವರಿಗೆ ಸುದ್ದಿಯೇ ತಿಳಿಯದು. ಖಾತೆಯಲ್ಲಿ ಬರೆಯದ ಸಾಲವೂ ಸಾಲವೇ ಅಲ್ಲವೆ?

ದಂಶಮಶಕವು 22 ಪರೀಷಹಗಳಲ್ಲಿ ಒಂದು, ಸಹಿಸುವುದೇ ಧರ್ಮ ಎನ್ನುವವರುಂಟು. ಮುನಿಗಳು ಸಹಿಸುವುದು ಸ್ವಂತ ದೇಹದಲ್ಲಿ. ಪರರ ಮಗುವಿನ ಮೇಲೆ ಹೊರಿಸಿದ ಬಾಧೆಯು ಪರೀಷಹಜಯವೆನಿಸದು.

ತೊಟ್ಟಿಯನ್ನು ಬರಿದುಮಾಡಿದರೆ ಮರಿಹುಳುಗಳು ಸಾಯುವವಲ್ಲ ಎಂಬ ಹಿಂಜರಿಕೆಯೂ ಉಂಟು. ಅದು ಕರುಣೆಯಿಂದ ಹುಟ್ಟಿದ್ದು, ಗೌರವಾರ್ಹವಾದುದು. ಆದರೂ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಆ ಹುಳುಗಳ ಸಾವಿಗೆ ಮೂಲ, ನೀರು ಚೆಲ್ಲಿದ ಕೈಯಲ್ಲ. ತೊಟ್ಟಿಯನ್ನು ತೆರೆದಿಟ್ಟ ಅಜಾಗರೂಕತೆ. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ಹುಳು ಬಿದ್ದ ನೀರನ್ನು ಪಶ್ಚಾತ್ತಾಪಪೂರ್ವಕವಾಗಿ ಚೆಲ್ಲಿ, ಪ್ರತಿಕ್ರಮಣದಲ್ಲಿ ಆ ದೋಷವನ್ನು ನೆನೆದು, ಅದು ಮರುಕಳಿಸದಂತೆ ನೋಡಿಕೊಳ್ಳಬೇಕು. ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ. ಚೆಲ್ಲಿದರಷ್ಟೇ ಸಾಲದು, ಗೋಡೆಯನ್ನು ಉಜ್ಜಿ ತೊಳೆಯಬೇಕು. ಬಳಿಕ ಬಿಗಿಯಾದ ಮುಚ್ಚಳವಿರಬೇಕು, ಇಲ್ಲವೆ ನೀರು ಸೋಸುವಂಥ ದಟ್ಟ ಅರಿವೆಯನ್ನು ಬಾಯಿಗೆ ಕಟ್ಟಬೇಕು. ಮೊಟ್ಟೆಯಿಡಲು ಎಡೆಯಿಲ್ಲದಲ್ಲಿ ಹುಳುವೂ ಇಲ್ಲ, ಕೊಲ್ಲುವ ಪ್ರಸಂಗವೂ ಇಲ್ಲ.

2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಡುವವರಿಗೆ ದಂಡವನ್ನು ಗೊತ್ತುಪಡಿಸಿತು. ದಂಡಕ್ಕೆ ಅಂಜಿ ಮುಚ್ಚಿದ ತೊಟ್ಟಿಯಿಂದಲೂ ಯಾತ್ರಿಕನಿಗೆ ರಕ್ಷಣೆಯುಂಟು. ವ್ರತವನ್ನು ನೆನೆದು ಮುಚ್ಚಿದವನಿಗೆ ಮಾತ್ರ ಅದು ಧರ್ಮವೂ ಆಗುತ್ತದೆ. ಬಸದಿಗಳ ಟ್ರಸ್ಟಿನವರು ಧರ್ಮಶಾಲೆಯ ಗೋಡೆಯ ಮೇಲೆ ಅಹಿಂಸೆಯ ನುಡಿಯನ್ನು ಬರೆಯಿಸುವ ಮೊದಲು, ಮಾಳಿಗೆಯನ್ನೇರಿ ನೀರಿನ ಟಾಕಿಯ ಮುಚ್ಚಳವನ್ನೊಮ್ಮೆ ನೋಡಿಬರುವುದು ಉಚಿತ.