ಹಿತ್ತಲ ಗಿಡವೂ ಘಟ್ಟದ ದಾರಿಯೂ

‘ಹಿತ್ತಲ ಗಿಡ ಮದ್ದಲ್ಲ.’ ಈ ಗಾದೆಯ ಕೊನೆಯ ‘ಅಲ್ಲ’ವನ್ನು ನೆಟ್ಟಗೆ ಓದಿಕೊಂಡರೆ ಕೆಟ್ಟಿತು. ಅದು ಗಾದೆ ಕಟ್ಟಿದವನ ಅಭಿಪ್ರಾಯವಲ್ಲ; ಇನ್ನೊಬ್ಬರ ಮಾತನ್ನು ಅವರದೇ ದನಿಯಲ್ಲಿ ಆಡಿ ತೋರಿಸುವ ಕುಹಕ. ಕೈಗೆಟಕುವ ದೊಡ್ಡಪತ್ರೆ ಬಿಟ್ಟು ಮೂರೂರು ಆಚೆಯ ಪಂಡಿತರ ಗುಳಿಗೆಗೆ ಓಡಿದವನನ್ನು ನೋಡಿ ಯಾರೋ ನಕ್ಕಿರಬೇಕು. ಈಗಂತೂ ಊರ ಮೇಷ್ಟರನ್ನು ಬಿಟ್ಟು ಪೇಟೆಯ ಟ್ಯೂಷನ್ನಿಗೆ ಮಕ್ಕಳನ್ನು ಅಟ್ಟುವವರಿಗೆ, ಮನೆಮಗಳ ಸಂಗೀತಕ್ಕೆ ಕಿವಿಗೊಡದವರಿಗೆ ಇದನ್ನು ಧಾರಾಳವಾಗಿ ಅಂಟಿಸುತ್ತೇವೆ. ಮದ್ದಿನ ವಿಷಯಕ್ಕೇ ಬಳಸುವುದು ಅಪರೂಪ. ಒಂದು ದಸರಾ ರಜೆಯಲ್ಲಿ ನನಗದು ಮದ್ದಾಗಿಯೇ ಎದುರಾಯಿತು.

ಸೋದರಮಾವನ ಸಂಸಾರ, ನಮ್ಮದು ಸೇರಿ ಒಂಬತ್ತು ಜನ. ಶೃಂಗೇರಿ, ಕುಪ್ಪಳ್ಳಿ ಮುಗಿಸಿ ಮಲೆನಾಡಿನ ಒಂದು ಹೋಂಸ್ಟೇಯಲ್ಲಿ ಇಳಿದಿದ್ದೆವು. ಮರುದಿನ ಆಗುಂಬೆಯ ಸೂರ್ಯಾಸ್ತ, ಆಮೇಲೆ ಉಡುಪಿ. ರಾತ್ರಿ ಊಟಕ್ಕೆ ಕಡುಬು. ಹತ್ತೂವರೆಗೆ ಮಾವ ಜಗಲಿಗೆ ಬಂದು ಕೂತು, ‘ಎದೆ ಒಂಥರಾ ಹಿಡ್ಕೊಂಡ ಹಾಗಿದೆ’ ಎಂದರು. ‘ಗ್ಯಾಸ್ಟ್ರಿಕ್ಕು. ಬೇಡ ಬೇಡ ಅಂದ್ರೂ ಐದನೇ ಕಡುಬು ಹಾಕಿಸ್ಕೊಂಡ್ರಲ್ಲ’ ಎಂದರು ಅತ್ತೆ. ಮನೆಯೊಡತಿ ಹಿತ್ತಲಿನ ಶುಂಠಿ ಜಜ್ಜಿ ಹಾಕಿ ಜೀರಿಗೆ ಕಷಾಯ ಮಾಡಿ ತಂದರು. ಮಾವ ಕುಡಿದು ಜೋರಾಗಿ ತೇಗಿದರು. ನಮ್ಮಲ್ಲಿ ತೇಗಿಗಿಂತ ದೊಡ್ಡ ಸರ್ಟಿಫಿಕೇಟು ಯಾವುದಿದೆ? ಎಲ್ಲರೂ ನಿರಾಳರಾದೆವು. ಮುಕ್ಕಾಲು ಗಂಟೆ ಹಾಗೇ ಹೋಯಿತು.

ಮೊದಲು ಸುಳಿವು ಕೊಟ್ಟದ್ದು ಅವರ ಬನಿಯನ್ನು. ಮಳೆ ನಿಂತು ಥಂಡಿ ಹಿಡಿದಿದ್ದ ಆ ರಾತ್ರಿಯಲ್ಲಿ ಅದು ಹಿಂಡುವಷ್ಟು ಒದ್ದೆಯಾಗಿತ್ತು. ಮಾವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಅಂಥವರಲ್ಲಿ ನರಗಳು ಮಂದವಾಗಿ, ಹೃದಯಾಘಾತವು ನೋವು ತೋರದೆ ಬರೀ ಬೆವರು, ಸುಸ್ತು, ಏದುಸಿರಾಗಿ ಬರುವುದುಂಟು. ಹಿತ್ತಲ ಗಿಡ ಅವತ್ತು ನಿಜಕ್ಕೂ ಮದ್ದಾಗಿರಲಿಲ್ಲ. ಶುಂಠಿಯದೇನೂ ತಪ್ಪಿಲ್ಲ, ಅದರದಲ್ಲದ ಕೆಲಸಕ್ಕೆ ಅದನ್ನು ಕರೆದವರು ನಾವು.

ಅಷ್ಟರಲ್ಲಿ ಮಾವನ ಮಗ ಮೊಬೈಲು ನೋಡಿ, ‘ಮಣಿಪಾಲಕ್ಕೆ ಹೊರಡೋಣ’ ಎಂದು ಕಾರಿನ ಕೀ ಎತ್ತಿಕೊಂಡಿದ್ದ. ಮಧ್ಯೆ ಆಗುಂಬೆ ಘಾಟಿ, 14 ತಿರುವು, ಮೇಲೆ ಮಂಜು. ನಾನೂ ಹೂಂ ಎಂದಿದ್ದೆ. ಮನೆಯ ಯಜಮಾನರು ಅಡ್ಡ ಬಂದರು: ‘ಹತ್ತು ಕಿಲೋಮೀಟರಲ್ಲಿ ಪೇಟೆ ಆಸ್ಪತ್ರೆ ಇದೆಯಲ್ಲ ಮಾರಾಯ್ರೆ. ಮೊದ್ಲು ಅಲ್ಲೊಂದು ಇಸಿಜಿ ತೆಗ್ಸಿ.’

‘ಸರ್ಕಾರಿ ಆಸ್ಪತ್ರೆನಾ?’ ಎಂದ ನಮ್ಮ ಹುಡುಗ.

ಇಡೀ ಗಾದೆ ಆ ಪ್ರಶ್ನೆಯೊಳಗೆ ಕೂತಿತ್ತು. ಹುಡುಗನನ್ನು ಬೈಯುವ ಹಾಗಿಲ್ಲ. ಬೀಗ ಹಾಕಿದ ಔಷಧಿ ಕೋಣೆ, ‘ಡಾಕ್ಟ್ರು ಬೆಳಿಗ್ಗೆ ಬರ್ತಾರೆ’ ಎಂಬ ಉತ್ತರ, ಇವನ್ನು ಕಂಡೇ ನಾವೆಲ್ಲ ಬೆಳೆದದ್ದು. ನಗುವ ಗಾದೆ ಈ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿತ್ತಲಿಗೆ ನೀರು ಹಾಕದೆ ಒಣಗಿಸಿದವರು ಯಾರೆಂದು ಕೇಳುವುದಿಲ್ಲ.

ಅಂತೂ ಯಜಮಾನರ ಜೀಪಿನಲ್ಲೇ ಹೋದೆವು. ಮೂವತ್ತು ದಾಟದ ಡ್ಯೂಟಿ ಡಾಕ್ಟರಮ್ಮ ಎದ್ದು ಬಂದರು. ಎದೆಗೆ ಜೆಲ್ಲು ಹಚ್ಚಿದಾಗ ‘ತಣ್ಣಗಿದೆ’ ಎಂದು ಮಾವ ದೂರಿದರು. ಗೆರೆಯೆಳೆದ ಗುಲಾಬಿ ಕಾಗದ ಹೊರಬಂದದ್ದೇ ಡಾಕ್ಟರಮ್ಮನ ಮಾತು ಕಡಿಮೆಯಾಯಿತು. ಆಸ್ಪಿರಿನ್ ಅಗಿಯಲು ಕೊಟ್ಟು, ಇಸಿಜಿಯನ್ನು ದೊಡ್ಡಾಸ್ಪತ್ರೆಯ ಹೃದ್ರೋಗ ವೈದ್ಯರಿಗೆ ಕಳಿಸಿದರು. 46ರ ವಯಸ್ಸಿಗೇ ಹೃದಯಾಘಾತದಿಂದ ಹೋದ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಏರ್ಪಾಡು ಇದೇ: ತಾಲ್ಲೂಕಿನಲ್ಲಿ ಇಸಿಜಿ, ಓದಿ ಹೇಳಲು ದೂರದ ತಜ್ಞರು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗದು ಎಂದಾದರೆ ಈ ಇಂಜೆಕ್ಷನ್ನಿಗೆ ತಡಮಾಡಬಾರದು ಎನ್ನುವುದು ವೈದ್ಯರ ಲೆಕ್ಕ.

ಆಪರೇಷನ್ ಏನಾದರೂ ಆಗಿತ್ತಾ, ಲಕ್ವ ಹೊಡೆದಿತ್ತಾ, ಎಲ್ಲಾದರೂ ರಕ್ತ ಹೋಗುತ್ತಾ ಎಂದೆಲ್ಲ ಕೇಳಿದರು. ಹೃದಯದಲ್ಲಿ ಹೆಪ್ಪು ಕರಗಿಸುವ ಮದ್ದು ಮೆದುಳಲ್ಲಿ ರಕ್ತ ಸುರಿಸಲೂಬಹುದು. ಕೊನೆಗೆ ತೂಕ. ‘ಎಪ್ಪತ್ತೆರಡು’ ಎಂದರು ಅತ್ತೆ. ಮಾಸ್ಕಿನೊಳಗಿಂದ ಮಾವ ‘ಎಪ್ಪತ್ತು’ ಎಂದು ತಿದ್ದಿದರು. ‘ಎರಡಕ್ಕೂ ಒಂದೇ ಡೋಸು, ಬಿಡಿ’ ಎಂದ ಡಾಕ್ಟರಮ್ಮ ಸಿರಿಂಜು ಖಾಲಿ ಮಾಡಲು ಹತ್ತು ಸೆಕೆಂಡೂ ತೆಗೆದುಕೊಳ್ಳಲಿಲ್ಲ.

ಬೆಳಗಿನ ಜಾವ 108 ಆಂಬುಲೆನ್ಸಿನಲ್ಲಿ ಘಟ್ಟ ಇಳಿದೆವು. ದೊಡ್ಡಾಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ದೂರದ ಪಂಡಿತರೂ ಬೇಕೇ ಬೇಕಾಯಿತು. ಅವರ ಬಾಗಿಲ ತನಕ ಮಾವನನ್ನು ತಲುಪಿಸಿದ್ದು ಮಾತ್ರ ಹಿತ್ತಲಿನದೇ ಗಿಡ.

ಮಾವ ಈಗ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಫೋನಿನಲ್ಲಿ ಒಮ್ಮೆ, ‘ನಿಮ್ಮೂರ ಸರ್ಕಾರಿ ಆಸ್ಪತ್ರೇಲಿ ರಾತ್ರಿ ಇಸಿಜಿ ತೆಗೀತಾರೇನೋ?’ ಎಂದು ಕೇಳಿದರು. ಇಪ್ಪತ್ತೆರಡು ವರ್ಷದಿಂದ ಈ ಊರಲ್ಲಿದ್ದೇನೆ, ಗೊತ್ತಿಲ್ಲ ಎಂದೆ. ಸಂಜೆ ಹೋಗಿ ನೋಡಿದೆ. ಬಸ್‌ಸ್ಟ್ಯಾಂಡಿನ ಹಿಂದೆ, ನಾನು ದಿನಾ ಎಳನೀರು ಕುಡಿಯುವ ಗಾಡಿ ನಿಲ್ಲುವುದೇ ಅದರ ಗೇಟಿನ ಮುಂದೆ.